ಫ್ಯಾಟಿ ಲಿವರ್ ಅಂತ ಬಂದ್ರೆ ಪ್ಲೇಟ್‌ಲೆಟ್ಟು, ಐಎನ್‌ಆರ್ ಜೊತೆಗಿಟ್ಟು ರಿಪೋರ್ಟ್ ಓದೋದು ಹೆಂಗೆ

ದೀಪಾವಳಿ ಮುಗಿದ ವಾರ ನಮ್ಮ ಸೋದರಮಾವ ಸ್ಕ್ಯಾನಿಂಗ್ ರಿಪೋರ್ಟ್‌ನ ನಾಲ್ಕು ಮಡಿಕೆ ಮಡಚಿ ಅಂಗಿ ಜೇಬಲ್ಲಿ ಇಟ್ಕೊಂಡು ಮನೆಗೆ ಬಂದ್ರು. ಅವರು ದಾವಣಗೆರೆ ಎಪಿಎಂಸಿಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಲೆಕ್ಕ ಬರೆಯೋರು, ವಯಸ್ಸು 52, ಬೆಳಗ್ಗೆಯಿಂದ ಸಂಜೆ ತನಕ ಕೂತೇ ಕೆಲಸ. "ಏನವಾ ಇದು, ಗ್ರೇಡ್ ಟೂ ಫ್ಯಾಟಿ ಲಿವರ್ ಅಂತ ಬರ್ದಾರೆ, ಎಸ್‌ಜಿಪಿಟಿ 64 ಐತಿ, ಬಾಕಿ ಎಲ್ಲಾ ನಾರ್ಮಲ್ ಐತಲ್ಲ, ಹಂಗಾರೆ ಏನೂ ತೊಂದ್ರೆ ಇಲ್ಲ ಹೌದಿಲ್ಲೋ" ಅಂತ ಕೇಳಿದ್ರು. ನಾನು ಲ್ಯಾಬ್ ಟೆಕ್ನಿಷಿಯನ್, ದಿನಾ ನೂರಾರು ಜನರ ರಕ್ತ ನನ್ನ ಕೈ ಮೇಲೆ ಹಾದು ಹೋಗುತ್ತೆ, ಈ ಪ್ರಶ್ನೆ ವಾರಕ್ಕೆ ಹತ್ತು ಸಲ ಆದ್ರೂ ಕೇಳಿಸ್ಕೋತೀನಿ. ಎಲ್ಲರೂ ನೋಡೋದು ಎರಡೇ, ಸ್ಕ್ಯಾನಿಂಗ್‌ನ ಗ್ರೇಡು ಮತ್ತೆ ಲಿವರ್ ಕೋಶಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರೋ ಎಸ್‌ಜಿಪಿಟಿ ಅನ್ನೋ ಕಿಣ್ವ. ಅದೇ ಕವರ್‌ನೊಳಗೆ ಇರೋ ಪ್ಲೇಟ್‌ಲೆಟ್ ಕೌಂಟ್, ಅಂದ್ರೆ ರಕ್ತ ನಿಲ್ಲಿಸೋ ಸಣ್ಣ ಕಣಗಳ ಲೆಕ್ಕದ ಕಡೆ ಯಾರೂ ತಿರುಗಿ ನೋಡಲ್ಲ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋ ಪಿಟಿ ಐಎನ್‌ಆರ್ ಮಾಡಿಸಿದ್ರೆ ಅದು ಆಪರೇಷನ್‌ಗೆ ಬೇಕಾಗಿರೋದು ಅನ್ಕೊಂಡು ಬಿಟ್ಬಿಡ್ತಾರೆ. ಆದ್ರೆ ಲಿವರ್ ಎಷ್ಟು ಹಾಳಾಗಿದೆ, ಇನ್ನೂ ಎಷ್ಟು ಕೆಲಸ ಮಾಡ್ತಿದೆ ಅನ್ನೋ ಲೆಕ್ಕ ಸಿಗೋದು ಈ ರಕ್ತ ಹೆಪ್ಪುಗಟ್ಟೋ ಕಡೆಯಿಂದಾನೇ. ಅದನ್ನ ಮನೇಲಿ ಕೂತು ಹೆಂಗೆ ಓದ್ಬೇಕು, ಎಲ್ಲಿಗೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗ್ಬೇಕು ಅಂತ ಮಾವಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದೀನಿ.

ಮೊದ್ಲು ಹೆಪ್ಪಿನ ವಿಷಯ

ನಮ್ಮಲ್ಲಿ ಹಾಲಿಗೂ ಹೆಪ್ಪು ಅಂತೀವಿ, ರಕ್ತಕ್ಕೂ ಹೆಪ್ಪು ಅಂತೀವಿ, ಅದು ಸುಮ್ನೆ ಬಂದ ಮಾತಲ್ಲ. ಹಾಲೊಳಗೆ ಕರಗಿಕೊಂಡಿರೋ ಪ್ರೋಟೀನು ಹೆಪ್ಪು ಬಿದ್ದಾಗ ಒಂದಕ್ಕೊಂದು ಹಿಡ್ಕೊಂಡು ಮೊಸರಾಗುತ್ತೆ, ರಕ್ತದಲ್ಲೂ ಫೈಬ್ರಿನೋಜೆನ್ ಅನ್ನೋ ಪ್ರೋಟೀನ್ ಕರಗಿಕೊಂಡೇ ಓಡಾಡ್ತಿರುತ್ತೆ, ಗಾಯ ಆದಾಗ ಥ್ರಾಂಬಿನ್ ಅನ್ನೋ ಕಿಣ್ವ ಬಂದು ಅದನ್ನ ಕತ್ತರಿಸಿದ ತಕ್ಷಣ ಅದು ಫೈಬ್ರಿನ್ ಎಳೆಗಳಾಗಿ ಬಲೆ ಥರ ಹೆಣ್ಕೊಳ್ಳುತ್ತೆ, ಪ್ಲೇಟ್‌ಲೆಟ್ಟು, ಕೆಂಪು ಕಣ ಎಲ್ಲಾ ಆ ಬಲೇಲಿ ಸಿಕ್ಕಿ ರಕ್ತ ನಿಲ್ಲುತ್ತೆ. ಈ ಕೆಲಸಕ್ಕೆ ಬೇಕಾದ ಪ್ರೋಟೀನ್‌ಗಳಲ್ಲಿ ಬಹುಪಾಲು ತಯಾರಾಗೋದು ಲಿವರ್‌ನಲ್ಲೇ. ಫೈಬ್ರಿನೋಜೆನ್, ಪ್ರೋಥ್ರಾಂಬಿನ್, ಫ್ಯಾಕ್ಟರ್ ಅಂತ ನಂಬರ್ ಹಾಕಿ ಕರೆಯೋ 5, 7, 9, 10, 11 ಎಲ್ಲಾ ಅಲ್ಲಿಂದಾನೇ ಬರೋದು. ಹೆಪ್ಪು ಅತಿಯಾಗದ ಹಂಗೆ ತಡೆಯೋ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕೂಡ ಅಲ್ಲಿಂದಾನೇ. ಪ್ಲೇಟ್‌ಲೆಟ್ ಲಿವರ್‌ನಲ್ಲಿ ಹುಟ್ಟಲ್ಲ, ಮೂಳೆ ಮಜ್ಜೆಲಿ ಹುಟ್ಟೋದು, ಆದ್ರೆ ಅದನ್ನ ಹುಟ್ಟಿಸು ಅಂತ ಮಜ್ಜೆಗೆ ಹೇಳೋ ಥ್ರಾಂಬೋಪೊಯೆಟಿನ್ ಅನ್ನೋ ಹಾರ್ಮೋನ್ ಲಿವರ್‌ನದ್ದೇ.

ಇದನ್ನ ನಾನು ಕಣ್ಣಾರೆ ನೋಡೋದು ಪಿಟಿ ಟೆಸ್ಟ್ ಕೈಯಲ್ಲಿ ಮಾಡುವಾಗ. ರಕ್ತ ತಿರುಗಿಸಿ ಮೇಲೆ ನಿಂತ ಹಳದಿ ಪ್ಲಾಸ್ಮಾನ ಒಂದು ಸಣ್ಣ ಗಾಜಿನ ಟ್ಯೂಬಿಗೆ 100 ಮೈಕ್ರೋಲೀಟರ್ ಹಾಕಿ 37 ಡಿಗ್ರಿ ನೀರಲ್ಲಿ ಬೆಚ್ಚಗೆ ಇಟ್ಟು, ಅದಕ್ಕೆ 200 ಮೈಕ್ರೋಲೀಟರ್ ಕ್ಯಾಲ್ಸಿಯಂ ಇರೋ ಥ್ರಾಂಬೋಪ್ಲಾಸ್ಟಿನ್ ರಿಯೇಜೆಂಟ್ ಬಿಟ್ಟ ಕ್ಷಣವೇ ಸ್ಟಾಪ್‌ವಾಚ್ ಒತ್ತಿ, ಟ್ಯೂಬನ್ನ ಮೆಲ್ಲಗೆ ಓರೆ ಮಾಡ್ತಾ ನೆಟ್ಟಗೆ ಮಾಡ್ತಾ ಲೈಟ್ ಎದುರಿಗೆ ನೋಡ್ತಾ ಇರ್ಬೇಕು. ಹತ್ತು ಸೆಕೆಂಡ್ ತನಕ ನೀರಿನ ಹಂಗೇ ಓಡಾಡ್ತಿರುತ್ತೆ, ಆಮೇಲೆ ಒಂದು ಸಣ್ಣ ಎಳೆ ಕಾಣುತ್ತೆ, ಮರುಗಳಿಗೆಗೆ ಎಲ್ಲಾ ಗಟ್ಟಿ. ಆರೋಗ್ಯವಾಗಿರೋರದ್ದು 11ರಿಂದ 13 ಚಿಲ್ಲರೆ ಸೆಕೆಂಡಿಗೆ ಗಟ್ಟಿಯಾಗುತ್ತೆ. ಲಿವರ್ ಪೂರ್ತಿ ಸೋತಿರೋರ ಪ್ಲಾಸ್ಮಾ 20 ಸೆಕೆಂಡ್ ದಾಟಿದ್ರೂ ಟ್ಯೂಬಲ್ಲಿ ಅತ್ಲಾಗೆ ಇತ್ಲಾಗೆ ಹರಿದಾಡ್ತಾನೇ ಇರುತ್ತೆ, ಆಗ ಕೈಯಲ್ಲಿ ಟ್ಯೂಬ್ ಹಿಡ್ಕೊಂಡು ನಿಂತ್ರೆ ನಮಗೇ ಹೊಟ್ಟೇಲಿ ಒಂಥರ ಆಗುತ್ತೆ.

ಕೊಬ್ಬು ಹೆಪ್ಪನ್ನ ಕೆಡಿಸುತ್ತೆ, ಹೆಪ್ಪು ಲಿವರನ್ನ ಕೆಡಿಸುತ್ತೆ

ಲಿವರ್ ಜೀವಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿ ಕೋಶಗಳಲ್ಲಿ ಕೊಬ್ಬು ತುಂಬ್ಕೊಂಡ್ರೆ ಅದಕ್ಕೆ ಫ್ಯಾಟಿ ಲಿವರ್ ಅಂತಾರೆ. 2023ರಲ್ಲಿ ಇದರ ವೈದ್ಯಕೀಯ ಹೆಸರನ್ನೇ ಬದಲಾಯಿಸಿದ್ರು, ಮೊದ್ಲು ಎನ್‌ಎಎಫ್‌ಎಲ್‌ಡಿ ಅಂತಿದ್ರು ಈಗ ಎಂಎಎಸ್‌ಎಲ್‌ಡಿ ಅಂತಾರೆ, ರಿಪೋರ್ಟಲ್ಲಿ ಯಾವುದು ಬರೆದಿದ್ರೂ ಹೆಚ್ಚುಕಮ್ಮಿ ಒಂದೇ ಕಾಯಿಲೆ. ಹೊಸ ಹೆಸರಲ್ಲಿ ಮೆಟಬಾಲಿಕ್ ಅನ್ನೋ ಮಾತು ಸೇರಿಸಿದ್ದು ಯಾಕಂದ್ರೆ ಇದು ಬರೀ ಲಿವರ್ ಕಾಯಿಲೆ ಅಲ್ಲ, ಶುಗರ್, ಬಿಪಿ, ಟ್ರೈಗ್ಲಿಸರೈಡ್, ಹೊಟ್ಟೆ ಬೊಜ್ಜು ಎಲ್ಲದರ ಜೊತೆ ಹೆಣ್ಕೊಂಡಿರೋದು.

ಇಲ್ಲಿ ಜನ ತಪ್ಪು ತಿಳ್ಕೊಳ್ಳೋದು ಏನಂದ್ರೆ, ಲಿವರ್ ಕೆಟ್ರೆ ರಕ್ತ ಹೆಪ್ಪುಗಟ್ಟಲ್ಲ ಅನ್ನೋದನ್ನ ಎಲ್ಲಾ ಹಂತಕ್ಕೂ ಹಿಡಿಸ್ತಾರೆ. ಶುರುವಿನ ಹಂತದಲ್ಲಿ ಆಗೋದು ಇದಕ್ಕೆ ಉಲ್ಟಾ. ಹೊಟ್ಟೆ ಸುತ್ತ ಕೊಬ್ಬು ಇದ್ದಾಗ ಮೈಯಲ್ಲಿ ಸಣ್ಣ ಉರಿಯೂತ ಬಿಡದಂಗೆ ನಡೀತಿರುತ್ತೆ, ಆ ಉರಿಯೂತದ ಸಂದೇಶ ಲಿವರ್‌ಗೆ ತಲುಪಿ ಅದು ಫೈಬ್ರಿನೋಜೆನ್‌ನ ಜಾಸ್ತಿ ಮಾಡೋಕೆ ಶುರು ಮಾಡುತ್ತೆ, ಫ್ಯಾಕ್ಟರ್ 7, ಫ್ಯಾಕ್ಟರ್ 8 ಮಟ್ಟಾನೂ ಏರಿರುತ್ತೆ. ಇನ್ನೊಂದು ಕಡೆ ಕೊಬ್ಬಿನ ಕೋಶಗಳು ಮತ್ತೆ ಲಿವರ್ ಸೇರ್ಕೊಂಡು ಪಿಎಐ-1 ಅನ್ನೋ ಪ್ರೋಟೀನ್‌ನ ರಕ್ತಕ್ಕೆ ಸುರೀತಾವೆ. ಇದರ ಕೆಲಸ ಏನಂದ್ರೆ, ಕಟ್ಟಿದ ಹೆಪ್ಪನ್ನ ಕರಗಿಸೋ ವ್ಯವಸ್ಥೆ ದೇಹದಲ್ಲಿ ಇರುತ್ತಲ್ಲ, ಅದಕ್ಕೆ ಅಡ್ಡ ನಿಲ್ಲೋದು. ಅಂದ್ರೆ ಕಟ್ಟೋದು ಜಾಸ್ತಿ, ಕರಗೋದು ಕಮ್ಮಿ. ಫ್ಯಾಟಿ ಲಿವರ್ ಇರೋರಲ್ಲಿ ಲಿವರ್‌ಗಿಂತ ಹೃದಯದ ಕಾಯಿಲೆಯಿಂದ ಸಾಯೋರೇ ಜಾಸ್ತಿ ಅನ್ನೋದಕ್ಕೆ ಕಾರಣಗಳಲ್ಲಿ ಇದೂ ಒಂದು, ಇದನ್ನ ದಯವಿಟ್ಟು ಮನಸ್ಸಲ್ಲಿ ಇಟ್ಕೊಳ್ಳಿ.

ಆಮೇಲೆ ಈ ಹೆಪ್ಪಿನ ಪ್ರೋಟೀನ್‌ಗಳು ಸುಮ್ನೆ ರಕ್ತದಲ್ಲಿ ಇದ್ದು ಹೋಗಲ್ಲ, ಅವು ತಿರುಗಿ ಲಿವರ್ ಮೇಲೇ ಕೆಲಸ ಮಾಡ್ತಾವೆ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿದ್ದು. ಕೊಬ್ಬಿನ ಆಹಾರ ತಿಂದ ಇಲಿಗಳ ಲಿವರ್‌ನಲ್ಲಿ, ಕೊಬ್ಬಿನ ಅಂಗಾಂಶದಲ್ಲಿ ಗಾಯ ಇಲ್ಲದೇ ಇದ್ರೂ ಫೈಬ್ರಿನ್ ಕೂತಿರೋದನ್ನ ಅವರು ನೋಡಿದ್ರು. ಉರಿಯೂತ ಎಬ್ಬಿಸೋ ಬಿಳಿ ಕಣಗಳಿಗೆ ಈ ಫೈಬ್ರಿನ್‌ನ ಹಿಡ್ಕೊಳ್ಳೋಕೆ ಒಂದು ಕೊಂಡಿ ಇರುತ್ತೆ. ಆ ಕೊಂಡಿಗೆ ಸಿಗದ ಹಂಗೆ ಫೈಬ್ರಿನೋಜೆನ್‌ನ ಒಂದೇ ಒಂದು ತುಣುಕು ಬದಲಾಗಿರೋ ಇಲಿಗಳಿಗೆ ಅದೇ ಕೊಬ್ಬಿನ ಆಹಾರ ಹಾಕಿದ್ರೆ ಅವು ಅಷ್ಟು ದಪ್ಪ ಆಗ್ಲಿಲ್ಲ, ಲಿವರ್‌ನಲ್ಲಿ ಕೊಬ್ಬು ಕಮ್ಮಿ, ಶುಗರ್ ಕೂಡ ಚೆನ್ನಾಗಿತ್ತು. ಆ ಇಲಿಗಳ ಫೈಬ್ರಿನೋಜೆನ್ ಹೆಪ್ಪುಗಟ್ಟೋ ಕೆಲಸವನ್ನ ಮಾಮೂಲಿಯಾಗೇ ಮಾಡುತ್ತೆ, ವ್ಯತ್ಯಾಸ ಇರೋದು ಆ ಕೊಂಡಿಯಲ್ಲಿ ಮಾತ್ರ. ಥ್ರಾಂಬಿನ್‌ನ ತಡೆಯೋ ಡಾಬಿಗಾಟ್ರಾನ್ ಔಷಧಿ ಕೊಟ್ಟ ಇಲಿಗಳಲ್ಲೂ ತೂಕ ಏರೋದು, ಲಿವರ್‌ಗೆ ಕೊಬ್ಬು ತುಂಬೋದು ಕಮ್ಮಿ ಆಯ್ತು. ಅಂದ್ರೆ ಹೆಪ್ಪಿನ ಪ್ರೋಟೀನು ತೂಕ, ಶುಗರ್, ಕೊಬ್ಬು ಎಲ್ಲದರ ಲೆಕ್ಕದಲ್ಲೂ ಕೈ ಆಡಿಸುತ್ತೆ ಅಂತಾಯ್ತು.

ಇನ್ನೂ ಮುಂದಕ್ಕೆ ಹೋದ್ರೆ, ಲಿವರ್‌ನೊಳಗೆ ವಿಟಮಿನ್ ಎ ಕೂಡಿಟ್ಕೊಂಡು ಸುಮ್ನೆ ಇರೋ ಸ್ಟೆಲ್ಲೇಟ್ ಅನ್ನೋ ಕೋಶಗಳಿವೆ. ಥ್ರಾಂಬಿನ್ ಇವುಗಳನ್ನ ಎಬ್ಬಿಸುತ್ತೆ, ಎದ್ದವು ಕೊಲಾಜೆನ್ ನೂಲು ಹೊರಗೆ ಹಾಕೋಕೆ ಶುರು ಮಾಡ್ತಾವೆ, ಹಂಗೇ ಲಿವರ್‌ನಲ್ಲಿ ಗಾಯದ ಕಲೆ ಥರ ಗಟ್ಟಿ ಭಾಗ ಬೆಳೆಯುತ್ತೆ, ಅದೇ ಫೈಬ್ರೋಸಿಸ್ಸು, ಅದು ಮುಂದುವರಿದು ಲಿವರ್ ಎಲ್ಲಾ ಕಲೆಯಿಂದ ಗಟ್ಟಿಯಾದ್ರೆ ಸಿರೋಸಿಸ್ಸು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಇದನ್ನ ಓದಿ ಯಾರೂ ಮೆಡಿಕಲ್ ಶಾಪಿಗೆ ಹೋಗಿ ರಕ್ತ ತೆಳು ಮಾಡೋ ಮಾತ್ರೆ ತಗೋಬೇಡಿ. ಫ್ಯಾಟಿ ಲಿವರ್‌ಗೆ ಅಂತ ಮನುಷ್ಯರಿಗೆ ಆ ಮಾತ್ರೆ ಬರೆಯೋ ಪದ್ಧತಿ ಇಲ್ಲ. ಹೃದಯಕ್ಕೋ ಕಾಲಿನ ಹೆಪ್ಪಿಗೋ ಡಾಕ್ಟರ್ ಬರೆದು ಈಗಾಗ್ಲೇ ತಗೋತಿರೋರು ಫ್ಯಾಟಿ ಲಿವರ್ ಬಂತು ಅಂತ ತಾವಾಗೇ ನಿಲ್ಲಿಸ್ಲೂಬೇಡಿ.

ಈಗ ಕಾಗದ ಹರಡಿ ಕೂತ್ಕೊಳ್ಳಿ

ಮಾವನ ಕೈಲಿ ನಾನು ಮೊದ್ಲು ಮಾಡಿಸಿದ್ದು ಇದನ್ನೇ, ಎರಡು ವರ್ಷದ ರಿಪೋರ್ಟ್ ಎಲ್ಲಾ ತಂದು ಚಾಪೆ ಮೇಲೆ ತಾರೀಕಿನ ಪ್ರಕಾರ ಜೋಡಿಸೋದು. ಬೇಕಾಗಿರೋದು ಸಿಬಿಸಿ ಅಂದ್ರೆ ಪೂರ್ತಿ ರಕ್ತ ಪರೀಕ್ಷೆ, ಲಿವರ್ ಫಂಕ್ಷನ್ ಟೆಸ್ಟ್ ಅಂದ್ರೆ ಎಲ್‌ಎಫ್‌ಟಿ, ಶುಗರ್, ಕೊಲೆಸ್ಟ್ರಾಲ್, ಸ್ಕ್ಯಾನಿಂಗು. ಪಿಟಿ ಐಎನ್‌ಆರ್ ಎಲ್ಲರಿಗೂ ಬೇಕಾಗಲ್ಲ, ಡಾಕ್ಟರ್ ಬರೆದಿದ್ರೆ ಅದನ್ನೂ ಇಟ್ಕೊಳ್ಳಿ.

ಸಿಬಿಸಿಯಿಂದ ಪ್ಲೇಟ್‌ಲೆಟ್ ಕೌಂಟ್ ತಗೊಳ್ಳಿ, ಎಲ್‌ಎಫ್‌ಟಿಯಿಂದ ಎಸ್‌ಜಿಒಟಿ ಮತ್ತೆ ಎಸ್‌ಜಿಪಿಟಿ ತಗೊಳ್ಳಿ, ಕೆಲವು ಕಡೆ ಇವನ್ನೇ ಎಎಸ್‌ಟಿ, ಎಎಲ್‌ಟಿ ಅಂತ ಬರೀತಾರೆ. ಮೂರೂ ಒಂದೇ ದಿನದ ರಕ್ತದ್ದೇ ಆದ್ರೆ ಒಳ್ಳೇದು. ಇವುಗಳಿಂದ ಫಿಬ್-4 ಅನ್ನೋ ಲೆಕ್ಕ ಹಾಕ್ಬಹುದು, ಲಿವರ್‌ನಲ್ಲಿ ಕಲೆ ಕಟ್ಟಿರೋ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡೋಕೆ ಡಾಕ್ಟರ್‌ಗಳೂ ಮೊದ್ಲು ಹಾಕೋದು ಇದನ್ನೇ, ಹೊಸದಾಗಿ ದುಡ್ಡು ಕೊಟ್ಟು ಟೆಸ್ಟ್ ಮಾಡಿಸ್ಬೇಕಾಗಿಲ್ಲ. ವಯಸ್ಸನ್ನ ಎಸ್‌ಜಿಒಟಿಯಿಂದ ಗುಣಿಸ್ಬೇಕು, ಅದನ್ನ ಒಂದು ಕಡೆ ಬರೆದಿಡಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್‌ನಿಂದ ಗುಣಿಸ್ಬೇಕು, ಅದು ಇನ್ನೊಂದು ಕಡೆ. ಮೊದಲನೇದನ್ನ ಎರಡನೇದ್ರಿಂದ ಭಾಗಿಸಿದ್ರೆ ಬರೋದೇ ಫಿಬ್-4.

ಇಲ್ಲಿ ಬಹಳ ಜನ ಎಡವೋದು ಪ್ಲೇಟ್‌ಲೆಟ್ ಹತ್ರ. ನಮ್ಮ ಕಡೆ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ ಲಕ್ಷದಲ್ಲಿ ಇರುತ್ತೆ, ಈ ಲೆಕ್ಕಕ್ಕೆ ಸಾವಿರದಲ್ಲಿ ಬೇಕು. 1.95 ಲಕ್ಷ ಅಂತಿದ್ರೆ 195 ಅಂತ ತಗೋಬೇಕು, 2.1 ಲಕ್ಷ ಅಂದ್ರೆ 210. ಲಕ್ಷದಲ್ಲಿರೋ ಅಂಕಿನ ಹಂಗೇ ಹಾಕಿದ್ರೆ ಉತ್ತರ ನೂರಕ್ಕಿಂತ ಮೇಲೆ ಬಂದು ರಾತ್ರಿ ನಿದ್ದೆ ಕೆಡುತ್ತೆ.

ಮಾವನದ್ದು ನೋಡಿ. ವಯಸ್ಸು 52, ಎಸ್‌ಜಿಒಟಿ 48, ಗುಣಿಸಿದ್ರೆ 2496. ಎಸ್‌ಜಿಪಿಟಿ 64, ಅದರ ವರ್ಗಮೂಲ 8, ಪ್ಲೇಟ್‌ಲೆಟ್ 1.95 ಲಕ್ಷ ಅಂದ್ರೆ 195, ಗುಣಿಸಿದ್ರೆ 1560. ಭಾಗಿಸಿದ್ರೆ 1.6. ಉತ್ತರ 1.3ಕ್ಕಿಂತ ಕಮ್ಮಿ ಬಂದ್ರೆ ಮುಂದುವರಿದ ಕಲೆ ಇರೋ ಸಾಧ್ಯತೆ ಬಹಳ ಕಮ್ಮಿ, 65 ದಾಟಿದೋರಿಗೆ ಆ ಗೆರೆನ 2.0ಕ್ಕೆ ಇಡ್ತಾರೆ. 2.67ಕ್ಕಿಂತ ಜಾಸ್ತಿ ಬಂದ್ರೆ ತಡ ಮಾಡ್ದೆ ಲಿವರ್ ನೋಡೋ ಡಾಕ್ಟರ್ ಹತ್ರ ಹೋಗ್ಬೇಕು. ನಡುವೆ ಬಂದ್ರೆ ಇನ್ನೊಂದು ಪರೀಕ್ಷೆ ಬೇಕು, ಸಾಮಾನ್ಯವಾಗಿ ಫೈಬ್ರೋಸ್ಕ್ಯಾನ್ ಹೇಳ್ತಾರೆ. ಮಾವಂದು ನಡುವೆ ಇತ್ತು, ಅದಕ್ಕೇ ನಾನು ಸುಮ್ನೆ ಕೂರಬೇಡಿ ಅಂದಿದ್ದು. ಫೈಬ್ರೋಸ್ಕ್ಯಾನ್‌ಗೆ ಭಯ ಬೇಡ, ಮೂರು ಗಂಟೆ ಏನೂ ತಿನ್ನದೇ ಹೋಗ್ಬೇಕು, ಬಲಗಡೆ ಪಕ್ಕೆಲುಬಿನ ಸಂದಿಲಿ ಒಂದು ಪ್ರೋಬ್ ಇಟ್ಟು ಟಕ್ ಟಕ್ ಅಂತ ತಟ್ಟಿದ ಹಂಗೆ ಆಗುತ್ತೆ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಕಿಲೋಪ್ಯಾಸ್ಕಲ್‌ನಲ್ಲಿ ಅಂಕಿ ಕೊಡುತ್ತೆ, 8ಕ್ಕಿಂತ ಕೆಳಗಿದ್ರೆ ಸಮಾಧಾನ.

ಇನ್ನೊಂದು ಉದಾಹರಣೆ ಕೊಡ್ಲೇಬೇಕು, ಇದು ಯಾರದ್ದೂ ಅಲ್ಲ, ಲೆಕ್ಕಕ್ಕೆ ಅಂತ ನಾನೇ ಮಾಡಿದ್ದು. ವಯಸ್ಸು 61, ಎಸ್‌ಜಿಒಟಿ 50, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.25 ಲಕ್ಷ. ಎಸ್‌ಜಿಪಿಟಿ ನಾರ್ಮಲ್ ಒಳಗೇ ಇದೆ, ಮನೆಯವರೆಲ್ಲಾ ಏನೂ ಇಲ್ಲ ಬಿಡಿ ಅಂತಾರೆ. ಲೆಕ್ಕ ಹಾಕಿ, 3050ನ 750ರಿಂದ ಭಾಗಿಸಿದ್ರೆ 4 ದಾಟುತ್ತೆ! ಲಿವರ್ ಕಲೆಯಿಂದ ತುಂಬಿದ್ಮೇಲೆ ಎಸ್‌ಜಿಪಿಟಿ ಇಳಿದು ನಾರ್ಮಲ್ ಕಾಣೋದು ಉಂಟು, ಆಗ ನಿಜ ಹೇಳೋದು ಪ್ಲೇಟ್‌ಲೆಟ್ಟು. ಅದು ಯಾಕೆ ಇಳಿಯುತ್ತೆ ಅಂದ್ರೆ, ಲಿವರ್ ಗಟ್ಟಿಯಾದಾಗ ಹೊಟ್ಟೆಯಿಂದ ಬರೋ ರಕ್ತಕ್ಕೆ ದಾರಿ ಇಕ್ಕಟ್ಟಾಗುತ್ತೆ, ಒತ್ತಡ ಹಿಂದಕ್ಕೆ ಗುಲ್ಮಕ್ಕೆ (ಸ್ಪ್ಲೀನ್) ಹೋಗಿ ಗುಲ್ಮ ಊದ್ಕೊಳ್ಳುತ್ತೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ನ ತನ್ನೊಳಗೇ ಹಿಡಿದಿಟ್ಕೊಳ್ಳುತ್ತೆ, ಜೊತೆಗೆ ಥ್ರಾಂಬೋಪೊಯೆಟಿನ್ನೂ ಕಮ್ಮಿ ಆಗಿರುತ್ತೆ. ಅದಕ್ಕೇ ಹಳೇ ರಿಪೋರ್ಟ್ ತೆಗೀರಿ ಅಂತ ನಾನು ಹೇಳೋದು, ಎರಡೂವರೆ ಲಕ್ಷ ಇದ್ದದ್ದು ವರ್ಷ ವರ್ಷ ಇಳಿದು 1.6 ಆಗಿದ್ರೆ ಎರಡೂ ನಾರ್ಮಲ್ ಒಳಗೇ ಇದ್ರೂ ಅದನ್ನ ಡಾಕ್ಟರ್‌ಗೆ ತೋರಿಸ್ಲೇಬೇಕು.

ಈ ಲೆಕ್ಕ ಯಾವಾಗ ಹಾಕ್ಬಾರ್ದು ಅನ್ನೋದೂ ಗೊತ್ತಿರ್ಲಿ. ಡೆಂಗ್ಯೂ ಅಥವಾ ಬೇರೆ ಕೆಲವು ಜ್ವರ ಬಂದಾಗ ಪ್ಲೇಟ್‌ಲೆಟ್ ತಾನಾಗೇ ಬೀಳುತ್ತೆ, ಆ ರಿಪೋರ್ಟ್ ಇಟ್ಕೊಂಡು ಹಾಕಿದ್ರೆ ಸುಳ್ಳು ಉತ್ತರ ಬರುತ್ತೆ, ಪೂರ್ತಿ ಗುಣ ಆಗಿ ಕೆಲವು ವಾರ ಬಿಟ್ಟು ಹೊಸ ರಕ್ತ ಕೊಡಿ. ಎಸ್‌ಜಿಒಟಿ ಮಾಂಸಖಂಡದಲ್ಲೂ ಇರುತ್ತೆ, ಹಿಂದಿನ ದಿನ ದಲ್ಲಾಳಿ ಮಂಡಿಲಿ ಮೂಟೆ ಹೊತ್ತಿದ್ರೆ, ಜಿಮ್‌ನಲ್ಲಿ ಹೊಸದಾಗಿ ಜೋರು ಮಾಡಿದ್ರೆ ಅದು ಏರುತ್ತೆ. 35ಕ್ಕಿಂತ ಚಿಕ್ಕೋರಿಗೆ ಈ ಲೆಕ್ಕ ಸರಿ ಕೂರಲ್ಲ. ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ಕಮ್ಮಿ ಬಂದು ಕೆಳಗೆ ಕ್ಲಂಪ್ಸ್ ಅಂತ ಬರೆದಿದ್ರೆ ನೇರಳೆ ಮುಚ್ಚಳದ ಟ್ಯೂಬಿನ ರಾಸಾಯನಿಕಕ್ಕೆ ಪ್ಲೇಟ್‌ಲೆಟ್‌ಗಳು ಗುಂಪು ಕಟ್ಟಿವೆ ಅಂತ ಅರ್ಥ, ಅದು ಕಾಯಿಲೆ ಅಲ್ಲ, ಬೇರೆ ಟ್ಯೂಬಲ್ಲಿ ತೆಗೆದು ಮತ್ತೆ ಎಣಿಸ್ಬೇಕು.

ಐಎನ್‌ಆರ್ ಓದೋದು

ಪಿಟಿ ಸೆಕೆಂಡ್‌ನ ಬೇರೆ ಬೇರೆ ಲ್ಯಾಬ್‌ಗೆ ಹೊಂದೋ ಹಂಗೆ ಸರಿ ಮಾಡಿದ ಅಂಕಿನೇ ಐಎನ್‌ಆರ್, ಮಾಮೂಲಿ 1ರ ಆಸುಪಾಸು. ಫ್ಯಾಟಿ ಲಿವರ್ ಇರೋರಲ್ಲಿ ಹೆಚ್ಚಿನೋರಿಗೆ ಇದು ನಾರ್ಮಲ್ಲೇ ಬರುತ್ತೆ, ಲಿವರ್‌ಗೆ ಅಷ್ಟು ಕಸುವು ಇದೆ, ಬಹಳಷ್ಟು ಹಾಳಾದ್ರೂ ಉಳಿದ ಭಾಗ ಹೆಪ್ಪಿನ ಪ್ರೋಟೀನ್ ಮಾಡ್ತಾ ಹೋಗುತ್ತೆ. ಹಂಗಾಗಿ ಐಎನ್‌ಆರ್ ನಾರ್ಮಲ್ ಅಂದ್ರೆ ಫ್ಯಾಟಿ ಲಿವರ್ ಇಲ್ಲ ಅಂತಲ್ಲ, ಲಿವರ್ ಇನ್ನೂ ಸೋತಿಲ್ಲ ಅಂತ ಮಾತ್ರ. ಅದು ಏರಿತು ಅಂದ್ರೆ ಮಾತ್ರ ಗಂಭೀರ. ಫ್ಯಾಕ್ಟರ್ 7 ರಕ್ತದಲ್ಲಿ ಬಾಳೋದು ಬರೀ ನಾಲ್ಕರಿಂದ ಆರು ಗಂಟೆಗೆ ಅರ್ಧ ಆಗೋ ಲೆಕ್ಕದಲ್ಲಿ, ಲಿವರ್ ಮಾಡೋ ಇನ್ನೊಂದು ಪ್ರೋಟೀನ್ ಅಲ್ಬುಮಿನ್‌ಗಾದ್ರೆ ಸುಮಾರು 20 ದಿನ ಬೇಕು, ಅದಕ್ಕೇ ಲಿವರ್ ಏಕಾಏಕಿ ಕೈ ಬಿಟ್ರೆ ಅಲ್ಬುಮಿನ್ ಇನ್ನೂ ಚೆನ್ನಾಗಿದ್ದಾಗಲೇ ಐಎನ್‌ಆರ್ ಏರಿಬಿಡುತ್ತೆ.

ಏರಿದ್ದೆಲ್ಲಾ ಲಿವರ್ ಸೋಲೇ ಅಲ್ಲ. ಫ್ಯಾಕ್ಟರ್ 2, 7, 9, 10 ಸರಿಯಾಗಿ ತಯಾರಾಗೋಕೆ ವಿಟಮಿನ್ ಕೆ ಬೇಕು, ಅದು ಕರುಳಿಂದ ಒಳಗೆ ಹೋಗೋಕೆ ಪಿತ್ತರಸ ಬೇಕು, ಪಿತ್ತದ ನಾಳ ಕಟ್ಕೊಂಡಿದ್ರೂ ಐಎನ್‌ಆರ್ ಏರುತ್ತೆ. ಡಾಕ್ಟರ್ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಒಂದು ದಿನ ಬಿಟ್ಟು ಮತ್ತೆ ಪಿಟಿ ಮಾಡಿಸೋದು ಇದಕ್ಕೇ, ಇಳಿದ್ರೆ ವಿಟಮಿನ್ ಕೊರತೆ, ಇಳೀಲಿಲ್ಲ ಅಂದ್ರೆ ಲಿವರ್‌ದೇ ತೊಂದ್ರೆ. ಹೃದಯದ ವಾಲ್ವ್ ಆಪರೇಷನ್ ಆಗಿ ರಕ್ತ ತೆಳು ಮಾಡೋ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತಗೋಳ್ಳೋರ ಐಎನ್‌ಆರ್‌ನ ಬೇಕಂತಲೇ 2 ದಾಟಿಸಿ ಇಟ್ಟಿರ್ತಾರೆ, ಅದರಿಂದ ಲಿವರ್ ಅಳೆಯೋಕೆ ಹೋಗ್ಬೇಡಿ. ಇಂಥೋರು ಲಿವರ್‌ಗೆ ಒಳ್ಳೇದು ಅಂತ ಇದ್ದಕ್ಕಿದ್ದಂಗೆ ದಿನಾ ನುಗ್ಗೆ ಸೊಪ್ಪು, ಪಾಲಕ್, ಮೆಂತ್ಯ ಸೊಪ್ಪು ಶುರು ಮಾಡಿದ್ರೆ ಅದರಲ್ಲಿರೋ ವಿಟಮಿನ್ ಕೆ ಮಾತ್ರೆಯ ಕೆಲಸವನ್ನ ಕೆಡಿಸುತ್ತೆ, ಸೊಪ್ಪು ಬಿಡಬೇಕಾಗಿಲ್ಲ, ವಾರ ವಾರ ಹೆಚ್ಚುಕಮ್ಮಿ ಒಂದೇ ಅಳತೇಲಿ ತಿನ್ನಿ, ಬದಲಾಯಿಸೋದಿದ್ರೆ ಡಾಕ್ಟರ್‌ಗೆ ಹೇಳಿ.

ರಕ್ತ ಕೊಡೋವಾಗ ಒಂದು ವಿಷಯ ನೋಡ್ಕೊಳ್ಳಿ. ಪಿಟಿಗೆ ತೆಗೆಯೋದು ನೀಲಿ ಮುಚ್ಚಳದ ಟ್ಯೂಬಲ್ಲಿ, ಅದರಲ್ಲಿ ಮೊದ್ಲೇ ಸಿಟ್ರೇಟ್ ನೀರು ಇರುತ್ತೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಟ್ಯೂಬ್ ಮೇಲಿರೋ ಗೆರೆ ತನಕ ರಕ್ತ ತುಂಬ್ಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ಬ ಅಜ್ಜಿಗೆ ನರ ಸಿಗದೇ ಅರ್ಧ ಟ್ಯೂಬ್‌ಗೆ ನಿಲ್ಲಿಸಿಬಿಟ್ಟೆ, ರಕ್ತ ಕಮ್ಮಿ ಸಿಟ್ರೇಟ್ ಜಾಸ್ತಿ ಆಗಿ ಐಎನ್‌ಆರ್ ಸುಳ್ಳುಸುಳ್ಳೇ ಏರಿ ಬಂತು, ಆ ಅಜ್ಜಿ ಮಗಳು ಚಳ್ಳಕೆರೆಯಿಂದ ರಾತ್ರೋರಾತ್ರಿ ಬಸ್ ಹತ್ತಿ ಅಳ್ತಾ ಬಂದ್ರು. ಬೆಳಗ್ಗೆ ಇನ್ನೊಂದು ಕೈಯಿಂದ ಗೆರೆ ತನಕ ತುಂಬಿಸಿ ಮಾಡಿದ್ರೆ 1.1. ಆ ಹೆಣ್ಣುಮಗಳ ಮುಖ ನನಗೆ ಇವತ್ತಿಗೂ ಮರೆಯಲ್ಲ, ಅವತ್ತಿಂದ ಅರ್ಧ ತುಂಬಿದ ನೀಲಿ ಟ್ಯೂಬ್‌ನ ನಾನು ಮುಟ್ಟಲ್ಲ. ನೀವೂ ಗೆರೆ ತನಕ ಬಂತಾ ಅಂತ ಕೇಳಿ, ಕೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಸೂಜಿ ಹಾಕೋಕೆ ಮುಂಚೇನೇ ಹೇಳಿ.

ಸಿರೋಸಿಸ್ ಆಗಿ ಐಎನ್‌ಆರ್ ಏರಿರೋರ ಮನೆಯವರಿಗೆ ಒಂದು ಮಾತು. ಐಎನ್‌ಆರ್ ಜಾಸ್ತಿ ಇದೆ, ರಕ್ತ ತೆಳುವಾಗಿದೆ, ಹಂಗಾಗಿ ಹೆಪ್ಪುಗಟ್ಟೋ ಭಯ ಇಲ್ಲ ಅನ್ಕೋಬೇಡಿ. ಲಿವರ್ ಸೋತಾಗ ಹೆಪ್ಪು ಕಟ್ಟೋ ಪ್ರೋಟೀನ್ ಜೊತೆ ಹೆಪ್ಪು ತಡೆಯೋ ಪ್ರೋಟೀನ್ ಸಿ, ಆಂಟಿಥ್ರಾಂಬಿನ್ನೂ ಕಮ್ಮಿ ಆಗಿರುತ್ತೆ, ಫ್ಯಾಕ್ಟರ್ 8 ಮಾತ್ರ ಏರಿರುತ್ತೆ. ತಕ್ಕಡಿಯ ಎರಡೂ ತಟ್ಟೆ ಹಗುರ ಆಗಿ ಹೆಂಗೋ ನಿಂತಿರುತ್ತೆ, ಸಣ್ಣ ಸೋಂಕು ಬಂದ್ರೂ ಯಾವ ಕಡೆಗಾದ್ರೂ ವಾಲಬಹುದು. ಐಎನ್‌ಆರ್ 2 ಇದ್ರೂ ಲಿವರ್‌ಗೆ ಹೋಗೋ ದೊಡ್ಡ ರಕ್ತನಾಳದಲ್ಲೇ ಹೆಪ್ಪುಗಟ್ಟಿರೋರು ಇದಾರೆ.

ಇಳಿಸೋದು ಹೆಂಗೆ

ಪಿಎಐ-1 ಇಳಿಸೋಕೆ, ಲಿವರ್ ಕೊಬ್ಬು ಕರಗಿಸೋಕೆ ದಾರಿ ಒಂದೇ ಆಗಿರೋದು ನಮ್ಮ ಪುಣ್ಯ, ತೂಕ ಇಳಿದ್ರೆ ಎರಡೂ ಇಳೀತಾವೆ. ಇರೋ ತೂಕದಲ್ಲಿ ನೂರಕ್ಕೆ 3ರಿಂದ 5 ಇಳಿದ್ರೆ ಲಿವರ್ ಕೊಬ್ಬು ಕಮ್ಮಿ ಆಗುತ್ತೆ, 7 ದಾಟಿದ್ರೆ ಉರಿಯೂತ ಇಳಿಯುತ್ತೆ, 10 ಇಳಿದ್ರೆ ಕಲೆ ಕೂಡ ಕರಗೋಕೆ ಶುರು ಆಗಬಹುದು. 80 ಕೆಜಿ ಇರೋರಿಗೆ ಅಂದ್ರೆ 4 ಕೆಜಿ, ಐದೂವರೆ ಕೆಜಿ, 8 ಕೆಜಿ. ವಾರಕ್ಕೆ ಅರ್ಧ ಕೆಜಿ ಸಾಕು, ಉಪವಾಸ ಬಿದ್ದು ತಿಂಗಳಿಗೆ ಹತ್ತು ಕೆಜಿ ಇಳಿಸೋಕೆ ಹೋದ್ರೆ ಪಿತ್ತಕೋಶದಲ್ಲಿ ಕಲ್ಲಾಗುತ್ತೆ, ಲಿವರ್‌ಗೂ ಪೆಟ್ಟು. ಒಂದು ಟೇಪ್ ತಗೊಂಡು ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ನೋಡಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಎಚ್ಚರ, ತೆಳ್ಳಗಿದೀನಿ ಅನ್ನೋರೂ ಅಳೀರಿ, ನಮ್ಮ ಜನಕ್ಕೆ ಕೈಕಾಲು ಸಣ್ಣ ಇದ್ದು ಹೊಟ್ಟೆ ಮಾತ್ರ ಬರೋದು ಹೆಚ್ಚು.

ಊಟದ ವಿಷಯಕ್ಕೆ ಬಂದ್ರೆ ದಾವಣಗೆರೆಲಿ ಇದ್ಕೊಂಡು ಬೆಣ್ಣೆ ದೋಸೆ ತಿನ್ನಲೇಬೇಡಿ ಅಂತ ನಾನು ಯಾರಿಗೂ ಹೇಳಲ್ಲ, ಹೇಳಿದ್ರೂ ನಡೆಯಲ್ಲ. ಆದ್ರೆ ಒಂದು ದೊಡ್ಡ ಚಮಚ ಬೆಣ್ಣೆಲಿ ಸುಮಾರು 100 ಕ್ಯಾಲರಿ ಇದೆ, ಎರಡು ದೋಸೆ, ಒಳಗೂ ಮೇಲೂ ಬೆಣ್ಣೆ, ವಾರಕ್ಕೆ ಮೂರು ಸಲ ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಮಾವಗೆ ನಾನು ತಿಂಗಳಿಗೆ ಎರಡು ಸಲ, ಒಂದೇ ದೋಸೆ ಅಂತ ಒಪ್ಪಿಸ್ದೆ. ಸಂಜೆ ಮಂಡಕ್ಕಿ ಇರ್ಲಿ, ಈರುಳ್ಳಿ ಸೌತೆಕಾಯಿ ಜಾಸ್ತಿ ಹಾಕಿಸ್ಕೊಳ್ಳಿ, ಜೊತೆಗಿನ ಮಿರ್ಚಿ ಬಿಡಿ. ನನ್ನ ಪ್ರಕಾರ ಎಣ್ಣೆ ಬೆಣ್ಣೆಗಿಂತ ದೊಡ್ಡ ಶತ್ರು ಸಕ್ಕರೆ, ಅದರ ಅರ್ಧ ಭಾಗ ಫ್ರಕ್ಟೋಸ್, ಅದು ನೇರ ಲಿವರ್‌ಗೆ ಹೋಗಿ ಅಲ್ಲೇ ಕೊಬ್ಬಾಗೋದು. ಮಂಡಿಲಿ ಬಂದೋರಿಗೆಲ್ಲಾ ಟೀ, ಮಾವ ದಿನಕ್ಕೆ ಎಂಟು ಟೀ ಕುಡೀತಿದ್ರು, ಎರಡೆರಡು ಚಮಚ ಸಕ್ಕರೆ ಅಂದ್ರೆ ದಿನಕ್ಕೆ ಹದಿನಾರು ಚಮಚ! ಅದನ್ನ ನಿಲ್ಲಿಸಿದ್ದೇ ದೊಡ್ಡ ಬದಲಾವಣೆ. ಅನ್ನ ಅರ್ಧ ಮಾಡಿ ಜೋಳದ ರೊಟ್ಟಿ, ಮುದ್ದೆ, ಚಿತ್ರದುರ್ಗದ ಕಡೆ ಸಿಗೋ ನವಣೆ, ಸಾವೆ ಸೇರಿಸ್ಕೊಳ್ಳಿ, ಹೆಸರುಕಾಳು ಹುರುಳಿಕಾಳು ಪಲ್ಯ ತಟ್ಟೆಲಿ ಕಾಲು ಭಾಗ ಇರ್ಲಿ. ಸಕ್ಕರೆ ಇಲ್ಲದ ಕಾಫಿ ಲಿವರ್‌ಗೆ ಒಳ್ಳೇದೇ.

ನಡಿಗೆ ವಾರಕ್ಕೆ 150 ನಿಮಿಷ ಆದ್ರೂ ಆಗ್ಬೇಕು, ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಅಷ್ಟು ಜೋರು. ಕುಂದವಾಡ ಕೆರೆ ದಂಡೆ ಮೇಲೆ ಬೆಳಗ್ಗೆ ಆರಕ್ಕೆ ಬಂದ್ರೆ ಜೊತೆಗೆ ಜನ ಸಿಗ್ತಾರೆ, ದುರ್ಗದೋರಿಗೆ ಕೋಟೆ ಮೆಟ್ಟಿಲಿಗಿಂತ ಒಳ್ಳೆ ಜಿಮ್ ಇಲ್ಲ, ಮೊಣಕಾಲು ನೋವಿದ್ರೆ ಮಾತ್ರ ಮೆಟ್ಟಿಲು ಬಿಟ್ಟು ಚಂದ್ರವಳ್ಳಿ ಕಡೆ ನಡೀರಿ. ತೂಕ ಇಳಿದೇ ಇದ್ರೂ ನಡೆಯೋದ್ರಿಂದಲೇ ಲಿವರ್ ಕೊಬ್ಬು ಸ್ವಲ್ಪ ಇಳಿಯುತ್ತೆ. ಕುಡಿಯೋ ಅಭ್ಯಾಸ ಇದ್ರೆ ಪೂರ್ತಿ ಬಿಡಿ, ಬಿಯರ್ ಏನೂ ಆಗಲ್ಲ ಅನ್ನೋದು ಸುಳ್ಳು. ದಿನಾ ಕುಡಿಯೋರು ಮಾತ್ರ ಒಮ್ಮೆಲೇ ನಿಲ್ಲಿಸೋಕೆ ಮುಂಚೆ ಡಾಕ್ಟರ್‌ನ ಕೇಳಿ, ಮೈ ನಡುಗಿ ಫಿಟ್ಸ್ ಬರೋ ಅಪಾಯ ಇರುತ್ತೆ.

ಮನೆಮದ್ದಿನ ಹೆಸರಲ್ಲಿ ಸಿಗೋದೆಲ್ಲಾ ತಗೋಬೇಡಿ. ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ಡಾಕ್ಟರ್‌ಗಳು ವರದಿ ಮಾಡಿದ್ದಾರೆ. ಪ್ಲೇಟ್‌ಲೆಟ್ ಕಮ್ಮಿ ಇರೋರು, ಸಿರೋಸಿಸ್ ಇರೋರು ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಾವಾಗೇ ನುಂಗ್ಬಾರ್ದು, ರಕ್ತಸ್ರಾವ ಆಗುತ್ತೆ, ಕಿಡ್ನಿಗೂ ಪೆಟ್ಟು.

ಕಾಯದೇ ಆಸ್ಪತ್ರೆಗೆ ಹೋಗ್ಬೇಕಾದದ್ದು ಇವಕ್ಕೆ, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಕಣ್ಣು ಹಳದಿ, ಹೊಟ್ಟೆಲಿ ನೀರು ತುಂಬಿ ಉಬ್ಬೋದು, ಮಾತು ತಡವರಿಸಿ ಗೊಂದಲ ಆಗೋದು. ಒಂದೇ ಕಾಲು ಇದ್ದಕ್ಕಿದ್ದಂಗೆ ಊದಿ ನೋವಾದ್ರೆ, ಎದೆ ಹಿಡ್ಕೊಂಡ್ರೆ, ಉಸಿರು ಕಟ್ಟಿದ್ರೆ ಅದು ಹೆಪ್ಪಿನ ಲಕ್ಷಣ ಇರಬಹುದು, 108ಕ್ಕೆ ಫೋನ್ ಮಾಡಿ. ಒಸಡಲ್ಲಿ ಆಗಾಗ ರಕ್ತ, ಏನೂ ತಾಗದೇ ಮೈಮೇಲೆ ನೀಲಿ ಕಲೆ ಕಾಣ್ತಿದ್ರೆ ಅದೇ ವಾರ ತೋರಿಸಿ. ಜಿಲ್ಲಾಸ್ಪತ್ರೆಯ ಎನ್‌ಸಿಡಿ ಅಂದ್ರೆ ಅಂಟದ ಕಾಯಿಲೆಗಳ ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡ್ತಾರೆ, 2021ರಿಂದ ಫ್ಯಾಟಿ ಲಿವರನ್ನೂ ಕೇಂದ್ರ ಸರ್ಕಾರ ಅದೇ ಕಾರ್ಯಕ್ರಮಕ್ಕೆ ಸೇರಿಸಿದೆ, ದುಡ್ಡಿಲ್ಲ ಅಂತ ಮನೇಲಿ ಕೂರಬೇಡಿ.

ಮಾವನ ಫೈಬ್ರೋಸ್ಕ್ಯಾನ್ 6.8 ಬಂತು. ಆರು ತಿಂಗಳಿಗೆ 82ರಿಂದ 77 ಕೆಜಿಗೆ ಇಳಿದ್ರು, ಎಸ್‌ಜಿಪಿಟಿ 36, ಎಸ್‌ಜಿಒಟಿ 34, ಪ್ಲೇಟ್‌ಲೆಟ್ 2.05 ಲಕ್ಷ. ಈ ಸಲ ರಿಪೋರ್ಟ್ ಹಿಡ್ಕೊಂಡು ನನ್ನ ಹತ್ರ ಬರೋಕೆ ಮುಂಚೆ ಅವರೇ ಮಂಡಿ ಕ್ಯಾಲ್ಕುಲೇಟರ್‌ನಲ್ಲಿ ಹಾಕ್ಕೊಂಡು ಬಂದಿದ್ರು, ಖಾತೆ ಪುಸ್ತಕದ ಕೊನೇ ಹಾಳೆಲಿ ತಾರೀಕು ಹಾಕಿ 1.6, ಅದರ ಕೆಳಗೆ 1.44 ಅಂತ ಬರ್ದಿದ್ರು. "ಇನ್ನೂ 1.3ಕ್ಕೆ ಬಂದಿಲ್ಲ ನೋಡವಾ" ಅಂದ್ರು. ಮುಂದಿನ ರಕ್ತ ಯಾವಾಗ ಕೊಡೋದು ಅಂತ ಡಾಕ್ಟರ್‌ನ ಕೇಳಿ, ಆ ತಾರೀಕನ್ನೂ ಕೆಳಗೇ ಬರ್ಕೊಂಡಿದಾರೆ.